ಲಕ್ಕಲಕಟ್ಟಿಯ ಬಯಲಿನಲ್ಲಿ ಕಲಿತ ಪಾಠ

ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಇಳಿದವರ ಕಣ್ಣು ಮೊದಲು ಹೋಗುವುದು ಬೆಟ್ಟದ ಕಡೆಗೆ. ಒಂದೆಡೆ ಕೋಟೆ, ಇನ್ನೊಂದೆಡೆ ಕಾಲಕಾಲೇಶ್ವರನ ಗುಡಿ, ದೂರದ ಗುಡ್ಡಗಳ ನೆತ್ತಿಯ ಮೇಲೆ ಬಿಳಿ ರೆಕ್ಕೆ ತಿರುಗಿಸುತ್ತ ನಿಂತ ಗಾಳಿಯಂತ್ರಗಳು. 1787ರಲ್ಲಿ ಮರಾಠರಿಗೂ ಟಿಪ್ಪು ಸುಲ್ತಾನನಿಗೂ ಆದ ಒಪ್ಪಂದಕ್ಕೆ ಇದೇ ಊರಿನ ಹೆಸರಿದೆ. ಆದರೆ ಶ್ರಾವಣದ ಆ ರವಿವಾರ ನಾನು ಹೊರಟಿದ್ದು ಕೋಟೆ ನೋಡುವುದಕ್ಕಲ್ಲ, ಲಕ್ಕಲಕಟ್ಟಿಗೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿಯ ಬಂಧುಗಳ ಮನೆಯ ಗೃಹಪ್ರವೇಶಕ್ಕೆ ‘ಬರಲೇಬೇಕ್ರಿ ಸರ’ ಎಂದು ಹಟ ಹಿಡಿದಿದ್ದ.

ನಾನು ನೌಕರಿಗೆ ಸೇರಿದ ಕಾಲಕ್ಕೆ ಈ ಭಾಗವೆಲ್ಲ ಧಾರವಾಡ ಜಿಲ್ಲೆಯ ರೋಣ ತಾಲ್ಲೂಕು. 1997ರಲ್ಲಿ ಗದಗ ಜಿಲ್ಲೆಯಾಯಿತು, ಮುಂದೆ ಗಜೇಂದ್ರಗಡವೇ ತಾಲ್ಲೂಕು ಕೇಂದ್ರವಾಯಿತು. ನಕ್ಷೆ ಬದಲಾದರೂ ಮಣ್ಣು ಬದಲಾಗಿಲ್ಲ. ರೋಣದ ಕಡೆಯದು ಕಪ್ಪು ಎರೆ, ಗುಡ್ಡದ ಸೆರಗಿನದು ಕೆಂಪು ಮಸಾರಿ. ದಾರಿಯುದ್ದಕ್ಕೂ ಹೆಸರು ಕಾಯಿ ಬಿಡಿಸುವವರ ಸಾಲು, ಗಾಳಿಗೆ ತಲೆದೂಗುವ ಸೂರ್ಯಕಾಂತಿ.

ಊಟ ಮುಗಿಯಿತು. ಎಲೆ ಅಡಿಕೆ ಹಾಕಿಕೊಂಡು ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂತೆ. ಎದುರಿನ ಬಯಲಿನಲ್ಲಿ ಹತ್ತು ಹನ್ನೆರಡು ಮಕ್ಕಳು ಖೋ ಖೋ ಆಡಲು ಸೇರುತ್ತಿದ್ದರು. ಆಟ ಮಾತ್ರ ಸುರುವಾಗಲೊಲ್ಲದು. ನೋಡಿದರೆ ನಾಲ್ಕನೆಯದೋ ಐದನೆಯದೋ ಓದುವ ಹುಡುಗಿಯೊಬ್ಬಳು ಬಗ್ಗಿಕೊಂಡು ಬಯಲಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಾಳೆ. ಕಲ್ಲು, ಜಾಲಿಮುಳ್ಳು, ಒಡೆದ ಬಾಟಲಿಯ ಚೂರು, ಎಲ್ಲವನ್ನೂ ಹಳೆಯದೊಂದು ಡಬ್ಬಿಗೆ ತುಂಬಿ ಬದುವಿನಾಚೆ ಚೆಲ್ಲಿ ಬಂದಳು. ಒಂದು ಕಡೆ ತಗ್ಗಿತ್ತು. ಅದನ್ನು ಕಾಲಿನಿಂದ ಮಣ್ಣು ಸರಿಸಿ ತುಳಿದು ಗಟ್ಟಿ ಮಾಡಿದಳು. ಆಮೇಲೆ ಆಟ.

‘ಇದು ಯಾರು ಹೇಳಿದ ಕೆಲಸ?’ ಎಂದು ಕೇಳಿದೆ.

‘ಯಾರೂ ಹೇಳಿಲ್ರಿ. ದಿನಾ ಒಬ್ಬೊಬ್ರ ಪಾಳಿ. ಇವತ್ತು ನಂದು’ ಎಂದು ಓಡಿದಳು.

ಅವಳಿಗೆ ಅದು ಮಾತಾಡಲು ಯೋಗ್ಯವಾದ ಸಂಗತಿಯೇ ಆಗಿರಲಿಲ್ಲ. ನನಗೆ ಮಾತ್ರ ಗಂಟಲಲ್ಲಿ ಏನೋ ಸಿಕ್ಕಂತಾಯಿತು.

ನಾಳೆ ಮುಚ್ಚಿಸೋಣ

ಇಪ್ಪತ್ತು ವರ್ಷದ ಹಿಂದಿನ ಮಾತು. ಬೇರೊಂದು ಕಡೆಯ ಶಾಲೆಯಲ್ಲಿದ್ದೆ. ಕ್ರೀಡಾಕೂಟ ಮುಗಿದು ಖೋ ಖೋ ಕಂಬಗಳನ್ನು ಕಿತ್ತಿದ್ದರು, ಕುಣಿ ಹಾಗೇ ಉಳಿದಿತ್ತು. ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ನಾನದನ್ನು ಕಣ್ಣಾರೆ ಕಂಡಿದ್ದೆ. ‘ನಾಳೆ ಮುಚ್ಚಿಸಿದರಾಯಿತು’ ಎಂದುಕೊಂಡು ತರಗತಿಗೆ ಹೋದೆ. ಮಧ್ಯಾಹ್ನದ ಬಿಡುವಿನಲ್ಲಿ ಐದನೆಯ ತರಗತಿಯ ಹುಡುಗನೊಬ್ಬ ಓಡಿ ಬಂದು ಅದರಲ್ಲೇ ಕಾಲಿಟ್ಟ. ಮೊಣಕಾಲಿನ ಕೆಳಗಿನ ಎಲುಬು ಮುರಿಯಿತು. ಒಂದೂವರೆ ತಿಂಗಳು ಪ್ಲಾಸ್ಟರು.

ಅದು ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು. ಪಾಲಕರ ಸಭೆಯಲ್ಲಿ ‘ಈ ವರ್ಷ ಆಟವೇ ಬೇಡ’ ಎಂಬ ತೀರ್ಮಾನವಾದಾಗ ನಾನು ಬಾಯಿ ಬಿಡಲಿಲ್ಲ. ನಿಜ ಹೇಳಬೇಕೆಂದರೆ, ಜವಾಬ್ದಾರಿ ಇಳಿಯಿತೆಂದು ಹಗುರವೇ ಆಯಿತು. ಪ್ಲಾಸ್ಟರು ತೆಗೆಸಿಕೊಂಡು ಬಂದ ಹುಡುಗ ಪಡಸಾಲೆಯಲ್ಲಿ ಕೂತು ಖಾಲಿ ಮೈದಾನವನ್ನೇ ನೋಡುತ್ತಿದ್ದ. ‘ನನ್ನ ಸಲುವಾಗಿ ಎಲ್ಲಾರ ಆಟ ಬಂದ್ ಆತಲ್ರೀ ಸರ’ ಎಂದ. ಕುಣಿ ಬಿಟ್ಟವನು ನಾನು, ತಪ್ಪು ಹೊತ್ತವನು ಅವನು. ಮರುವರ್ಷ ಆಟ ಸುರುವಾಗಲಿ ಎಂದು ನಾನೇ ಸಭೆಯಲ್ಲಿ ಎದ್ದು ನಿಂತು ಕೇಳಿದೆ, ಕುಣಿಯ ಸಂಗತಿಯನ್ನೂ ಹೇಳಿದೆ. ಆದರೆ ಆ ಒಂದು ವರ್ಷ ಮಕ್ಕಳಿಗೆ ಮರಳಿ ಬರಲಿಲ್ಲ.

ಎರೆಭೂಮಿಯ ಮೈದಾನಕ್ಕೆ ಅದರದೇ ಸ್ವಭಾವವಿದೆ. ಈ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರುಕು ಬಿಡುತ್ತದೆ. ಮಳೆಗಾಲದಲ್ಲಿ ಜಾರುತ್ತದೆ, ಬೇಸಿಗೆಯಲ್ಲಿ ಅಂಗಾಲು ಹೋಗುವಷ್ಟು ಸೀಳುತ್ತದೆ. ಅದಕ್ಕೆ ಉಪಾಯ ಆಟ ನಿಲ್ಲಿಸುವುದಲ್ಲ. ಖೋ ಖೋ ಅಂಕಣಕ್ಕೆ ಬೇಕಾದದ್ದು 27 ಮೀಟರ್ ಉದ್ದ, 16 ಮೀಟರ್ ಅಗಲ. ಅಷ್ಟು ಜಾಗಕ್ಕೆ ಮಸಾರಿ ಮಣ್ಣು ಹರಡಿ, ನೀರು ಚಿಮುಕಿಸಿ, ಗುಂಡು ಹೊಡೆದರೆ ಸಾಕು. ಕಂಬ ನುಣುಪಾಗಿರಬೇಕು, ಆಟ ಮುಗಿದ ದಿನವೇ ಕುಣಿ ಮುಚ್ಚಬೇಕು.

ಇಲಿಗೆ ಬೀಗವಿಲ್ಲ

ಅದೇ ಶಾಲೆಯ ಇನ್ನೊಂದು ಕಥೆ. ಎರಡು ಗಣಕಯಂತ್ರಗಳು ಬಂದವು. ಬಲು ಬೆಲೆಯ ವಸ್ತು, ಹುಡುಗರು ಕೆಡಿಸಿಯಾರು ಎಂದು ಬಟ್ಟೆ ಹೊದಿಸಿ ಕೋಣೆಗೆ ಬೀಗ ಜಡಿದೆವು. ವರ್ಷದ ಮೇಲೆ ತೆಗೆದು ನೋಡಿದರೆ ವೈರನ್ನು ಇಲಿ ಕಡಿದಿತ್ತು, ಒಳಗೆ ಇರುವೆ ಮನೆ ಮಾಡಿದ್ದವು, ಯುಪಿಎಸ್ ಬ್ಯಾಟರಿ ಸತ್ತಿತ್ತು. ಸೀಸದ ಬ್ಯಾಟರಿಯನ್ನು ಚಾರ್ಜ್ ಮಾಡದೆ ತಿಂಗಳುಗಟ್ಟಲೆ ಇಟ್ಟರೆ ಅದರ ತಗಡಿನ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟುತ್ತದೆ. ಆಮೇಲೆ ಎಷ್ಟು ವಿದ್ಯುತ್ತು ಕೊಟ್ಟರೂ ಅದು ಪೂರ್ತಿ ಹಿಡಿಯುವುದಿಲ್ಲ. ಇದನ್ನು ಪಾಠ ಮಾಡುವವನೇ ನಾನು! ಮಕ್ಕಳು ಮುಟ್ಟಿದ್ದರೆ ಒಂದೆರಡು ಗುಂಡಿ ಸವೆಯುತ್ತಿದ್ದವು. ಮುಟ್ಟದಿದ್ದುದರಿಂದ ಯಂತ್ರವೇ ಹೋಯಿತು.

ಈಗಿನ ಟ್ಯಾಬ್, ಮೊಬೈಲುಗಳ ಲಿಥಿಯಂ ಬ್ಯಾಟರಿಗೂ ಇದೇ ಮಾತು. ಬೇಸಿಗೆ ರಜೆಗೆ ಎತ್ತಿಡುವುದಾದರೆ ಪೂರ್ತಿ ಖಾಲಿ ಮಾಡಿ ಇಡಬಾರದು; ಅರ್ಧ ಚಾರ್ಜಿನಲ್ಲಿ, ತಂಪು ಜಾಗದಲ್ಲಿ ಇಟ್ಟು ಆಗಾಗ ನೋಡಬೇಕು. 2020ರಲ್ಲಿ ಶಾಲೆಗಳು ಮುಚ್ಚಿದ ಮೇಲೆ ಫೋನು ಹಳ್ಳಿಯ ಮಕ್ಕಳ ಕೈಗೂ ಪಾಠದ ನೆಪದಲ್ಲಿ ಬಂತು. ದಿಂಬಿನ ಕೆಳಗೆ ಇಟ್ಟು ಚಾರ್ಜ್ ಮಾಡುವುದು, ಒದ್ದೆ ಕೈಯಲ್ಲಿ ಪ್ಲಗ್ ಎಳೆಯುವುದು, ಉಬ್ಬಿದ ಬ್ಯಾಟರಿಯನ್ನು ಇನ್ನೂ ನಾಲ್ಕು ದಿನ ನಡೆಸುವುದು, ಇವು ಮೂರೂ ಬೇಡ. ಬ್ಯಾಟರಿ ಉಬ್ಬಿತೆಂದರೆ ಒಳಗೆ ಅನಿಲ ತುಂಬಿದೆ ಎಂದರ್ಥ. ಅದನ್ನು ಒತ್ತಬಾರದು, ಚುಚ್ಚಬಾರದು.

ನಮ್ಮ ಸೀಮೆಯವರು ಮರೆಯುವ ಇನ್ನೊಂದು ಸಂಗತಿ ಅರ್ಥಿಂಗ್. ಬೇಸಿಗೆಯಲ್ಲಿ ಎರೆಮಣ್ಣು ಒಣಗಿ ಬಿರಿದಾಗ ನೆಲದಲ್ಲಿ ಹೂತ ಕೊಳವೆಗೂ ಮಣ್ಣಿಗೂ ಸಂಬಂಧ ಸಡಿಲಾಗುತ್ತದೆ, ವಿದ್ಯುತ್ತು ನೆಲಕ್ಕಿಳಿಯಲು ದಾರಿ ಸಿಗುವುದಿಲ್ಲ. ಆ ಗುಂಡಿಗೆ ಆಗಾಗ ಒಂದು ಕೊಡ ನೀರು ಹಾಕುವುದು ಶಾಲೆಯಲ್ಲೂ ಮನೆಯಲ್ಲೂ ಒಬ್ಬರ ಪಾಳಿಯಾಗಲಿ. ಯಂತ್ರವೂ ಉಳಿದೀತು, ಮಗುವೂ ಉಳಿದೀತು.

ಮೆಟ್ಟಿಲಿರುವ ನೀರು, ಮೆಟ್ಟಿಲಿಲ್ಲದ ನೀರು

ಕಟ್ಟೆಯ ಮೇಲೆ ಜೊತೆಗೆ ಕೂತ ಹಿರಿಯರೊಬ್ಬರು, ‘ಆಟದಾಗ ಬಿದ್ರ ಎಲುಬು ಮುರಿದೀತು, ಕೂಡಿಸಬಹುದ್ರಿ. ನೀರಿಗೆ ಬಿದ್ರ?’ ಎಂದರು. ಮಾತು ಕೃಷಿಹೊಂಡಗಳ ಕಡೆ ತಿರುಗಿತು. 2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದ ಮೇಲೆ ಮಳೆಯನ್ನೇ ನಂಬಿದ ಇಂಥ ಸೀಮೆಗೆ ಹೊಂಡಗಳಿಂದ ಬಹಳ ಉಪಕಾರವಾಗಿದೆ. ಆದರೆ ತಳಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಒದ್ದೆಯಾದರೆ ಈಜು ಬಲ್ಲವನೂ ಮೇಲೆ ಹತ್ತಲಾರ. ಕಾಲಿಗೆ ಹಿಡಿತವೇ ಸಿಗದು.

ಗಜೇಂದ್ರಗಡಕ್ಕೆ ಸಮೀಪದ ಸೂಡಿಯಲ್ಲಿ 11ನೇ ಶತಮಾನದ ನಾಗಕುಂಡವಿದೆ. ಕಲ್ಯಾಣ ಚಾಲುಕ್ಯರ ಕಾಲದ ಆ ಶಿಲ್ಪಿಗಳು ನೀರಿನ ತನಕ ಮೆಟ್ಟಿಲು ಕಟ್ಟಿದರು. ಇಳಿಯಬೇಕಾದವನು ಹತ್ತಲೂ ಬೇಕು ಎಂಬ ಎಚ್ಚರ ಆ ಕಲ್ಲಿನಲ್ಲಿದೆ. ನಮ್ಮ ಹೊಂಡಗಳಿಗೆ ಅಷ್ಟು ಖರ್ಚು ಬೇಕಿಲ್ಲ. ಸುತ್ತ ತಂತಿಬೇಲಿ, ದಂಡೆಯ ಗೂಟಕ್ಕೆ ಕಟ್ಟಿ ನೀರಿಗೆ ಇಳಿಬಿಟ್ಟ ಗಂಟುಹಗ್ಗ, ಪಕ್ಕದಲ್ಲೊಂದು ಹಳೆಯ ಟ್ಯೂಬು, ಇಷ್ಟಿದ್ದರೆ ಜೀವ ಉಳಿಯಬಹುದು. ಮಕ್ಕಳೇ, ಗೆಳೆಯ ನೀರಿಗೆ ಬಿದ್ದರೆ ನೀವು ಹಾರಬೇಡಿ. ಕೂಗಿ ದೊಡ್ಡವರನ್ನು ಕರೆಯಿರಿ. ಹಗ್ಗ, ಟ್ಯೂಬು, ಮುಚ್ಚಿದ ಖಾಲಿ ಕ್ಯಾನು, ಕೈಗೆ ಸಿಕ್ಕದ್ದನ್ನು ಎಸೆಯಿರಿ.

ಅಷ್ಟರಲ್ಲಿ ಗುಡ್ಡದ ಮೇಲೆ ಮೋಡ ಕವಿದು ಮಿಂಚಿತು. ಮೇಷ್ಟ್ರ ಚಟ ಬಿಡುತ್ತದೆಯೇ? ಮಕ್ಕಳನ್ನು ಕರೆದು ಎಣಿಸಲು ಹಚ್ಚಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಮಿಂಚಿಗೂ ಗುಡುಗಿಗೂ ಮೂರು ಎಣಿಸಿದರೆ ಸಿಡಿಲು ಒಂದು ಕಿಲೋಮೀಟರ್ ದೂರ. 30 ಎಣಿಸುವುದರೊಳಗೆ ಗುಡುಗು ಕೇಳಿದರೆ ಆಟ ಬಿಟ್ಟು ಪಕ್ಕಾ ಕಟ್ಟಡದೊಳಗೆ ಹೋಗಬೇಕು; ಕೊನೆಯ ಗುಡುಗು ಕೇಳಿ 30 ನಿಮಿಷ ಕಳೆಯುವವರೆಗೆ ಹೊರಗೆ ಬರಬಾರದು. ಮಕ್ಕಳು 19 ಎಣಿಸಿದರು. ಗಿಡದ ಕೆಳಗೆ ಕೂತ ನಾವೂ ಎದ್ದು ಮನೆ ಸೇರಿದೆವು.

ಒಳಗೆ ಕೂತ ಹೊತ್ತಿಗೆ ಹಾವಿನ ಮಾತೂ ಬಂತು. ಕಣದಲ್ಲಿ, ಬದುವಿನಲ್ಲಿ ಅದರ ಭಯ ಇದ್ದದ್ದೇ. ಕಡಿದಲ್ಲಿ ಕೊಯ್ಯಬಾರದು, ಬಿಗಿಯಾಗಿ ಕಟ್ಟಬಾರದು, ಮಂತ್ರಕ್ಕೆ ಕಾಯಬಾರದು; ಕೈಕಾಲು ಅಲುಗದಂತೆ ಹಿಡಿದು 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಒಯ್ಯಬೇಕು. 2024ರಿಂದ ಕರ್ನಾಟಕದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮ ಬಂದಿದೆ.

ಕುರುಬೂರಿನಿಂದ ದೆಹಲಿಗೆ

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ಮೊದಲ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್ಲಿನಲ್ಲಿ ಭಾರತ ನೇಪಾಳವನ್ನು 78–40ರಿಂದ ಸೋಲಿಸಿತು, ಪುರುಷರೂ ಗೆದ್ದರು. ಗೆದ್ದ ಮಹಿಳಾ ತಂಡದಲ್ಲಿದ್ದ ಬಿ. ಚೈತ್ರಾ ನಮ್ಮದೇ ರಾಜ್ಯದ ತಿ. ನರಸೀಪುರ ತಾಲ್ಲೂಕಿನ ಕುರುಬೂರು ಎಂಬ ಹಳ್ಳಿಯವರು. ‘ಬಿದ್ದಾಳು, ಬೇಡ’ ಎಂದು ಅವರ ಊರಿನ ಮೈದಾನಕ್ಕೂ ಯಾರಾದರೂ ಬೀಗ ಹಾಕಿದ್ದರೆ? ಇದನ್ನು ಹೇಳಿದಾಗ ಡಬ್ಬಿಯ ಹುಡುಗಿ ಕಣ್ಣರಳಿಸಿ, ‘ಹಳ್ಯಾಕೀನಾ ಸರ?’ ಎಂದು ಎರಡು ಸಲ ಕೇಳಿದಳು.

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗುವಿಗೆ ಗಾಯವಾದಾಗ ‘ಯಾರು ಆಡಲು ಬಿಟ್ಟರು?’ ಎಂದು ಕೇಳುವ ಬದಲು ‘ಕುಣಿಯನ್ನು ಯಾರೂ ಏಕೆ ಮುಚ್ಚಲಿಲ್ಲ?’ ಎಂದು ಕೇಳಿ. ಮೊದಲ ಪ್ರಶ್ನೆಯಿಂದ ಮೈದಾನಕ್ಕೆ ಬೀಗ ಬೀಳುತ್ತದೆ, ಎರಡನೆಯದರಿಂದ ಕುಣಿ ಮುಚ್ಚುತ್ತದೆ.

ಮಳೆ ನಿಂತು, ಗುಡುಗು ದೂರವಾಗಿ, ಅರ್ಧ ತಾಸು ಕಳೆದ ಮೇಲೆ ಮಕ್ಕಳು ಮತ್ತೆ ಬಯಲಿಗೆ ಹೊರಟರು. ನನ್ನ ಬಸ್ಸಿಗೆ ಇನ್ನೂ ಹೊತ್ತಿತ್ತು. ಮಳೆಯ ನೀರು ಹರಿದು ಹೊಸ ಕಲ್ಲುಗಳು ಮೇಲೆದ್ದಿದ್ದವು. ಹುಡುಗಿಯ ಕೈಯಿಂದ ಡಬ್ಬಿ ಇಸಿದುಕೊಂಡೆ.

‘ಬಿಡ್ರಿ ಸರ, ನನ್ನ ಪಾಳಿ ಐತಿ’ ಎಂದಳು.

‘ನಂದು ಇಪ್ಪತ್ತು ವರ್ಷದಿಂದ ಬಾಕಿ ಐತವ್ವ’ ಎಂದೆ. ಅವಳಿಗೆ ತಿಳಿಯಲಿಲ್ಲ. ನಕ್ಕು, ತಾನೂ ಜೊತೆಗೆ ಬಗ್ಗಿ ಕಲ್ಲು ಆರಿಸತೊಡಗಿದಳು.