ಮುಗಿಲಿನಿಂದ ಮನೆಗೆ

ತಿಕೋಟಾದ ದ್ರಾಕ್ಷಿ ತೋಟದ ಮನೆಯಿಂದಲೋ ಬಬಲೇಶ್ವರದ ಓಣಿಯಿಂದಲೋ ಮಗ ದುಬೈಗೆ ಹೊರಟ ದಿನ ಮನೆಯವರಿಗೆಲ್ಲ ಫೋನಿನ ಮೇಲೇ ಜೀವ. ‘ಬಸ್ ಹತ್ತೀನಿ’, ‘ಹೈದರಾಬಾದ್ ಮುಟ್ಟೀನಿ’ ಎಂದು ತಾಸಿಗೊಂದು ಸುದ್ದಿ ಬರುತ್ತಿರುತ್ತದೆ. ವಿಮಾನದ ಬಾಗಿಲು ಮುಚ್ಚಿತೆಂದರೆ ಸುಮಾರು ನಾಲ್ಕು ತಾಸು ಸದ್ದಿಲ್ಲ. ‘ಫೋನ್ ಹತ್ತವಲ್ದು, ಯಾಕೋ ಏನೋ’ ಎನ್ನುವ ಅವ್ವನಿಗೆ ವಿಮಾನದ ನಿಯಮ ಹೇಳಿ ಸಮಾಧಾನ ಮಾಡಲಾಗದು.

ಮೇಲಿದ್ದವರು ಕೆಳಗಿದ್ದವರೊಡನೆ ಮಾತಾಡುವ ಏರ್ಪಾಡು ಹೊಸದೇನಲ್ಲ. ಅಮೆರಿಕದಲ್ಲಿ 1984ರಲ್ಲೇ ಏರ್‌ಫೋನ್ ಸೇವೆ ಬಂದಿತ್ತು. ಕ್ರೆಡಿಟ್ ಕಾರ್ಡ್ ಬಳಸಿ ವಿಮಾನದಿಂದಲೇ ಕರೆ ಮಾಡಬಹುದಿತ್ತು. ದುಬಾರಿಯಾದ್ದರಿಂದ ಹೆಚ್ಚಿನವರು ಅದರ ಗೋಜಿಗೆ ಹೋಗಲಿಲ್ಲ. ಆದರೆ 2001ರ ಸೆಪ್ಟೆಂಬರ್ 11ರಂದು ಅಪಹರಣವಾದ ಯುನೈಟೆಡ್ 93 ವಿಮಾನದಿಂದ ಹೋದ ಕರೆಗಳಲ್ಲಿ ಬಹುಪಾಲು ಸೀಟಿಗೆ ಅಳವಡಿಸಿದ್ದ ಅಂಥ ಫೋನುಗಳವೇ. ಅಂಥ ಹೊತ್ತಿನಲ್ಲೂ ಜನ ಹುಡುಕಿದ್ದು ಮನೆಯವರ ದನಿಯನ್ನು. ಈ ಸೇವೆ ಏತಕ್ಕೆ ಬೇಕು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಉತ್ತರ ಕಾಣದು.

ಈಗ ಕೈಯಲ್ಲಿನ ಮೊಬೈಲೇ ಸಾಕು. ವಿಮಾನದೊಳಗಿನ ಪುಟ್ಟ ಕೇಂದ್ರವೊಂದು ಅದರ ಸಂಕೇತ ಹಿಡಿದು, ಸುಮಾರು 36,000 ಕಿ.ಮೀ. ಎತ್ತರದ ಉಪಗ್ರಹಕ್ಕೆ ದಾಟಿಸಿ, ಅಲ್ಲಿಂದ ನೆಲಕ್ಕಿಳಿಸುತ್ತದೆ. ಎಮಿರೇಟ್ಸ್ 2008ರಲ್ಲೇ ಇಂಥ ಕರೆಗೆ ಅವಕಾಶ ಕೊಟ್ಟಿತು. ನಮ್ಮಲ್ಲಿ 2018ರ ಡಿಸೆಂಬರ್‌ನಲ್ಲಿ ನಿಯಮ ಬಂದು, 3,000 ಮೀಟರ್ ಮೇಲೆ ಸೇವೆಗೆ ಒಪ್ಪಿಗೆ ಸಿಕ್ಕಿತು. 2024ರ ನವೆಂಬರ್ 19ರಂದು ಹಾರಿದ ಇಸ್ರೋದ ಜಿಸ್ಯಾಟ್-ಎನ್2 ಉಪಗ್ರಹಕ್ಕೆ ವಿಮಾನಗಳಿಗೆ ಇಂಟರ್ನೆಟ್ ಒದಗಿಸುವ ಕೆಲಸವೂ ಇದೆ. ಕಕ್ಷೆ ಸೇರಿದ ಮೇಲೆ ಅದರ ನಿಯಂತ್ರಣ ವಹಿಸಿಕೊಂಡದ್ದು ನಮ್ಮ ಹಾಸನದ ಕೇಂದ್ರ.

ಹಾಗೆಂದು ವಿಮಾನದ ತುಂಬ ಮಾತೇ ಮಾತಾಗಬೇಕೆಂದು ನಾನು ಹೇಳುವುದಿಲ್ಲ. ಗೋಳಗುಮ್ಮಟದ ಮೇಲಂತಸ್ತಿನಲ್ಲಿ ಪಿಸುಗುಟ್ಟಿದ್ದು ಎದುರು ಗೋಡೆಯವರಿಗೂ ಕೇಳುವಂತೆ, ಇಲ್ಲಿಯೂ ಒಬ್ಬರ ಸಂಸಾರದ ಮಾತು ಹತ್ತು ಜನರ ಕಿವಿಗೆ ಬೀಳುತ್ತದೆ. ನಿದ್ದೆಗೆಟ್ಟು ಬಂದ ಕೂಲಿಯವನಿಗೂ ಹಸುಗೂಸಿನ ತಾಯಿಗೂ ಸ್ವಲ್ಪ ನೆಮ್ಮದಿ ಬೇಕು. ತುರ್ತಿಲ್ಲದಾಗ ನಾಲ್ಕು ಸಾಲಿನ ಸಂದೇಶವೇ ಸಾಕು.

ಆ ನಾಲ್ಕು ಸಾಲು ಮಾತ್ರ ಎಲ್ಲರ ಕೈಗೆಟುಕಬೇಕು. 2024ರಲ್ಲಿ ಏರ್‌ಟೆಲ್ ತಂದ ವಿಮಾನದ ಪ್ಯಾಕುಗಳು 195 ರೂಪಾಯಿಯಿಂದ ಶುರುವಾದವು. ಕೆಲವರಿಗೆ ಇದು ಲೆಕ್ಕಕ್ಕಿಲ್ಲದ ದುಡ್ಡು. ಸಾಲ ಮಾಡಿ ಟಿಕೆಟ್ ತೆಗೆಸಿದವನಿಗೆ ಹಾಗಲ್ಲ. ಸೌಲಭ್ಯವಿರುವ ವಿಮಾನದಲ್ಲಿ ಬರೀ ಸಂದೇಶವಾದರೂ ಪುಕ್ಕಟೆ ಹೋಗಲಿ. ವಿಮಾನ ತಡವಾದರೆ, ಬೇರೆ ಊರಿನಲ್ಲಿ ಇಳಿಯಬೇಕಾಗಿ ಬಂದರೆ, ಆ ಸುದ್ದಿ ಮೊದಲು ಮುಟ್ಟಬೇಕಾದದ್ದು ಊಟ ಬಿಟ್ಟು ಕಾಯುತ್ತಿರುವ ಮನೆಯವರಿಗೆ.