ಮಗಳ ಜೊತೆ ಯೊಕೊಹಾಮಾದಲ್ಲಿ ಹದಿನೈದು ದಿನ

ಹೆಣ್ಣುಮಕ್ಕಳು ಓದಲೆಂದು ಹೊರದೇಶಕ್ಕೆ ಹೋಗುವುದು ಈಗ ನಮ್ಮಂಥ ಸಣ್ಣ ಊರಿಗೂ ಹೊಸದಲ್ಲ. ಇಂಗ್ಲೆಂಡು, ಅಮೆರಿಕ ಎಂದರೆ ಇಂಗ್ಲಿಷಾದರೂ ಕೈಹಿಡಿಯುತ್ತದೆ. ನಮ್ಮ ಮಗಳು ಆರಿಸಿಕೊಂಡದ್ದು ಜಪಾನು! ಒಂದು ವರ್ಷ ದಿನವಿಡೀ ಜಪಾನೀ ಭಾಷೆಯನ್ನೇ ಕಲಿಸುವ ತರಗತಿ. “ಮಾತೇ ಬಾರದ ಊರಲ್ಲಿ ಒಬ್ಬಳೇ ಹೇಗಿರ್ತೀಯೇ?” ಎಂದು ನಾನು ಕಣ್ಣೀರಿಟ್ಟಾಗ ನಮ್ಮವರು, “ನೀನೇ ಹೋಗಿ ಬಿಟ್ಟು ಬಾ, ಸಮಾಧಾನವಾಗುತ್ತೆ” ಎಂದರು. ಏಪ್ರಿಲ್‌ನಲ್ಲಿ ಪಾಠ ಶುರು. ಮಾರ್ಚ್ ಕೊನೆಗೇ ನಾವಿಬ್ಬರೂ ಯೊಕೊಹಾಮಾ ಸೇರಿದೆವು.

ಟೋಕಿಯೋದಿಂದ ರೈಲಿನಲ್ಲಿ ಅರ್ಧ ಗಂಟೆಯ ದಾರಿ. 1859ರಲ್ಲಿ ಹೊರದೇಶದ ವ್ಯಾಪಾರಕ್ಕೆ ತೆರೆದ ಬಂದರು ಇದು. ಚೆರಿ ಹೂ ಬಿಡುವ ಕಾಲವಾದರೂ ಸ್ವೆಟರ್ ಬಿಚ್ಚುವಂತಿರಲಿಲ್ಲ.

ಪಾಠಕ್ಕೆ ಮೊದಲು ಅಲೆದಾಟದ ಕೆಲಸ. ಓದಲು ಬಂದವರಿಗೆ ವಿಮಾನ ನಿಲ್ದಾಣದಲ್ಲೇ ರೆಸಿಡೆನ್ಸ್ ಕಾರ್ಡ್ ಕೊಡುತ್ತಾರೆ. ಮನೆ ಸೇರಿದ 14 ದಿನದೊಳಗೆ ಆ ಬಡಾವಣೆಯ ವಾರ್ಡ್ ಕಚೇರಿಗೆ ಹೋಗಿ ವಿಳಾಸ ಬರೆಸಬೇಕು. ಅಲ್ಲೇ ಆರೋಗ್ಯ ವಿಮೆಯನ್ನೂ ಮಾಡಿಸಬೇಕು. ಆಮೇಲೆ ವೈದ್ಯರ ಖರ್ಚಿನಲ್ಲಿ ನೂರಕ್ಕೆ 30 ಮಾತ್ರ ನಮ್ಮದು. ಇದನ್ನು ಕೇಳಿ ನನ್ನ ಎದೆಭಾರ ಅರ್ಧ ಇಳಿಯಿತೆನ್ನಿ.

ಇನ್ನು ಕಸದ ಸಂಗತಿ! ಸುಡುವ ಕಸ ಬೇರೆ, ಪ್ಲಾಸ್ಟಿಕ್ ಬೇರೆ, ಡಬ್ಬಿ ಬಾಟಲಿ ಬೇರೆ. ಒಂದೊಂದಕ್ಕೂ ಒಂದೊಂದು ವಾರ. ಆಯಾ ದಿನ ಬೆಳಿಗ್ಗೆ 8ರೊಳಗೆ ಗೊತ್ತಾದ ಜಾಗದಲ್ಲಿ ಇಟ್ಟಿರಬೇಕು. ಮಗಳು ಜಪಾನಿನಲ್ಲಿ ಓದಿದ ಮೊದಲ ಪಾಠ ಅಡುಗೆಮನೆಗೆ ಅಂಟಿಸಿದ ಕಸದ ಪಟ್ಟಿಯೇ.

ಅಡುಗೆಗೆ ತೊಂದರೆಯಿಲ್ಲ. ಬಿಳಿ ಮೂಲಂಗಿ, ಬದನೆ, ಬೆಂಡೆ ಎಲ್ಲವೂ ಸಿಗುತ್ತವೆ. ಬೆಂಡೆಗೆ ಅಲ್ಲಿ ‘ಒಕುರಾ’ ಎನ್ನುತ್ತಾರೆ. ಅಕ್ಕಿ ಮಾತ್ರ ಅಂಟಂಟು. ಮೊಸರನ್ನಕ್ಕೆ ಅದೇ ಚೆನ್ನ! ಸಸ್ಯಾಹಾರಿಗಳು ಒಂದು ನೆನಪಿಡಿ: ಅಲ್ಲಿನ ಸಾರು, ನೂಡಲ್ಸಿಗೆ ಸಾಮಾನ್ಯವಾಗಿ ಒಣಮೀನಿನ ರಸ ಹಾಕಿರುತ್ತಾರೆ. ಬರೀ ತರಕಾರಿ ಕಂಡಿತೆಂದು ತಿನ್ನಬೇಡಿ, ಕೇಳಿ ತಿನ್ನಿ. ಅಲ್ಲಿನ ವಿದ್ಯುತ್ 100 ವೋಲ್ಟ್, ನಮ್ಮದು 230. ಆದ್ದರಿಂದ ಇಲ್ಲಿಂದ ಮಿಕ್ಸಿ ಹೊರುವುದು ದಂಡ. ಸಾರಿನಪುಡಿ, ಚಟ್ನಿಪುಡಿ ಕಟ್ಟಿಕೊಡಿ.

ನಾನು ಹೆದರಿದ್ದ ಆ ಭಾಷೆಯೇ ನನಗೆ ಧೈರ್ಯ ಕೊಟ್ಟಿತು. ಒಂದು ರಾತ್ರಿ ಮಗಳು ಅಕ್ಷರಮಾಲೆ ಓದುತ್ತಿದ್ದಳು: ಅ, ಇ, ಉ, ಎ, ಒ, ಮುಂದೆ ಕ, ಸ, ತ, ನ... “ಅಯ್ಯೋ, ಇದು ನಮ್ಮದರ ಹಾಗೇ ಇದೆಯಲ್ಲೇ!” ಎಂದೆ. ಬೌದ್ಧರ ಮೂಲಕ ಹೋದ ಸಂಸ್ಕೃತದ ವರ್ಣಮಾಲೆಯ ಜಾಡಿನಲ್ಲೇ ಆ ಕ್ರಮ ಬಂದದ್ದಂತೆ. ವಾಕ್ಯವೂ ಅಷ್ಟೆ. ‘ಮಿಜು ಒ ನೋಮು’ ಎಂದರೆ ‘ನೀರನ್ನು ಕುಡಿಯುವುದು’; ‘ಮಿಜು’ ನೀರು, ‘ಒ’ ನಮ್ಮ ‘ಅನ್ನು’, ಕ್ರಿಯಾಪದ ಕೊನೆಗೆ. ಆದರೆ ಅವರಲ್ಲಿ ‘ಲ’ಕಾರವಿಲ್ಲ. ನಮ್ಮ ಲಲಿತಾ ಅಲ್ಲಿ ‘ರರಿತ’ ಆಗುತ್ತಾಳೆ! ಕಷ್ಟವಿರುವುದು ಚೀನಾದಿಂದ ಬಂದ ಕಾಂಜಿ ಅಕ್ಷರಗಳಲ್ಲಿ. ನಿತ್ಯ ಬಳಕೆಗೆಂದು ಸರ್ಕಾರ ಗೊತ್ತುಮಾಡಿದ್ದೇ 2136.

ಹೊರಡುವ ಹಿಂದಿನ ದಿನ ಕಡಲ ಬದಿಯ ಯಾಮಾಶಿತಾ ಪಾರ್ಕಿಗೆ ಹೋದೆವು. 1923ರ ಸೆಪ್ಟೆಂಬರ್ 1ರ ಭಾರೀ ಭೂಕಂಪದಲ್ಲಿ ಊರು ನೆಲಸಮವಾಗಿತ್ತು. ಆ ಅವಶೇಷಗಳನ್ನೇ ಕಡಲಿಗೆ ತುಂಬಿ ಮಾಡಿದ ಉದ್ಯಾನ ಇದು. ಅದರೊಳಗೆ ನಮ್ಮ ದೇಶದ ಗುಮ್ಮಟದಂಥ ಪುಟ್ಟ ಮಂಟಪ, ನಡುವೆ ಕುಡಿಯುವ ನೀರಿನ ಕಾರಂಜಿ. ಅಂದು ಇಲ್ಲಿದ್ದ ಭಾರತೀಯ ವ್ಯಾಪಾರಿಗಳೂ ಸತ್ತರು, ಮನೆಮಠ ಕಳೆದುಕೊಂಡರು. ಉಳಿದವರಿಗೆ ಊರಿನ ಜನ ನೆರವಾದರು. ಸತ್ತವರ ನೆನಪಿಗೂ ಆ ನೆರವಿನ ಋಣಕ್ಕೂ ಭಾರತೀಯರು ಕಟ್ಟಿಸಿದ್ದು ಈ ಮಂಟಪ. ತಾನೇ ಮುರಿದುಬಿದ್ದ ಹೊತ್ತಲ್ಲೂ ಪರದೇಶಿಯ ಕೈಹಿಡಿದ ಊರು! ಇಲ್ಲಿ ಮಗಳನ್ನು ಬಿಟ್ಟುಹೋಗಬಹುದು ಅನ್ನಿಸಿತು.

ಮಗಳನ್ನು ದೂರ ಕಳಿಸುವ ತಾಯಂದಿರೇ, ಪಾಠ ಶುರುವಾಗುವ ಎರಡು ವಾರ ಮೊದಲೇ ಕಳಿಸಿ. ಕಚೇರಿ, ಕಸ, ಅಂಗಡಿ, ರೈಲು ರೂಢಿಯಾದರೆ ತರಗತಿಯಲ್ಲಿ ಮನಸ್ಸು ನಿಲ್ಲುತ್ತದೆ. ಅವರ ಗಡಿಯಾರ ನಮ್ಮದಕ್ಕಿಂತ ಮೂರೂವರೆ ಗಂಟೆ ಮುಂದೆ. ನಾವು ರಾತ್ರಿ ಊಟ ಮುಗಿಸಿ ಫೋನ್ ಮಾಡಿದರೆ ಅಲ್ಲಿ ಮಕ್ಕಳ ನಿದ್ದೆ ಕೆಡುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೇ ಮಾಡಿ.