ನನ್ನ ಮ್ಯಾಂಡೋಲಿನ್ನೂ ಅದರ ಕುದುರೆಯೂ

ಎರಡನೆಯ ವರ್ಷದ ಬಿ.ಎ. ತರಗತಿಯಲ್ಲಿದ್ದಾಗ, ವಿದ್ಯಾರ್ಥಿವೇತನದಲ್ಲಿ ಉಳಿಸಿದ 3,500 ರೂಪಾಯಿಗಳನ್ನು ಕೊಟ್ಟು ನಾನೊಂದು ಮ್ಯಾಂಡೋಲಿನ್ ಕೊಂಡೆನು. ಇಟಲಿಯಿಂದ ಬಂದ ಈ ವಾದ್ಯದಲ್ಲಿ ಯು. ಶ್ರೀನಿವಾಸ್ ಅವರು ಕರ್ನಾಟಕ ಸಂಗೀತವನ್ನು ನುಡಿಸಿದ್ದನ್ನು ಕೇಳಿದಂದಿನಿಂದ ಹತ್ತಿದ ಹುಚ್ಚು ಅದು. 2014ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ಅವರು ತೀರಿಕೊಂಡಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ, ಕೇಳಿದ್ದೆಲ್ಲ ಧ್ವನಿಮುದ್ರಿಕೆಗಳಲ್ಲಿ. ಅವರದು ಒಂಟಿ ಒಂಟಿಯಾಗಿ ಐದು ತಂತಿಗಳ ವಿದ್ಯುತ್ ಮ್ಯಾಂಡೋಲಿನ್, ನನ್ನದು ಜೋಡಿ ಜೋಡಿಯಾಗಿ ಎಂಟು ತಂತಿಗಳ ಸಾದಾ ವಾದ್ಯ, ಎಂಬ ವ್ಯತ್ಯಾಸವೂ ಆಗ ನನಗೆ ತಿಳಿದಿರಲಿಲ್ಲ.

ವಾರ ಕಳೆಯುವಷ್ಟರಲ್ಲಿ ಎಡಗೈಯ ಬೆರಳ ತುದಿಗಳಲ್ಲಿ ಕೆಂಪು ಗೆರೆಗಳು ಮೂಡಿದವು. ಪೆನ್ನು ಹಿಡಿಯುವ ಬಲಗೈಗೆ ಏನೂ ಆಗದಿದ್ದುದು ಪರೀಕ್ಷೆಯ ಪುಣ್ಯ. ಎಷ್ಟು ಒತ್ತಿದರೂ ಸ್ವರಕ್ಕೆ ಬದಲು ತಗಡಿನ ಸದ್ದು. ಹಾಸ್ಟೆಲಿನ ಮಿತ್ರರು ಮೊದಲು ನಕ್ಕರು, ಆಮೇಲೆ ಕೈಮುಗಿದರು. ನಾನು ನನಗೇ ಒಂದು ಸಮಾಧಾನ ಹೇಳಿಕೊಂಡೆನು. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನೇ ನಾನು ಮೊದಲಿಗ. ಇನ್ನು ಸಂಗೀತ ಈ ಕೈಗೆ ಎಲ್ಲಿಂದ ಬರಬೇಕು? ಇಂಗ್ಲಿಷ್ ತರಗತಿಯಲ್ಲಿ ನಾಲಗೆ ತೊಡರಿದಾಗಲೂ ಇದೇ ಕಾರಣವನ್ನು ಹೇಳಿಕೊಂಡಿದ್ದೆ. ಎಲ್ಲಕ್ಕೂ ಒದಗುವ ಕಾರಣ ಅದು.

ಹೀಗೆ ಒಂದು ವರ್ಷ ಮಂಚದ ಕೆಳಗೆ ಮಲಗಿದ್ದ ವಾದ್ಯವನ್ನು ಕಳೆದ ದೀಪಾವಳಿಯ ರಜೆಯಲ್ಲಿ ಊರಿಗೆ ಒಯ್ದು ಅಟ್ಟಕ್ಕೆ ಹಾಕುತ್ತಿದ್ದೆ. ಅಪ್ಪ ಕಂಡು, “ಯಾಕೋ?” ಎಂದರು. “ಕೈಗೆ ಹತ್ತಲಿಲ್ಲಪ್ಪ” ಎಂದೆ. ಅವರು ಅದನ್ನು ಇಸಿದುಕೊಂಡು ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ನೋಡಿದರು. “ಇದೇನ್ಲಾ, ತಂತಿ ಇಷ್ಟು ಎತ್ತರಕ್ಕಿದೆ! ಕುಡ್ಲಿಗೆ ಕಕ್ಕು ಹಾಕಿಸದೆ ಗದ್ದೆಗೆ ಇಳೀತೀವಾ? ಕೆಲಸ ಬಲ್ಲೋರ ಹತ್ರ ತಗೊಂಡ್ಹೋಗು” ಎಂದು ಹೇಳಿ ದನ ಕಟ್ಟಲು ಹೋದರು.

ಕಾಲೇಜಿರುವ ಪೇಟೆಯಲ್ಲಿ ಹಾರ್ಮೋನಿಯಂ ರಿಪೇರಿ ಮಾಡುವ ವೃದ್ಧರೊಬ್ಬರಿದ್ದಾರೆ. ಅವರು ನನ್ನ ವಾದ್ಯವನ್ನು ನುಡಿಸಲಿಲ್ಲ. ಬಂದೂಕಿನ ಗುರಿ ನೋಡುವವರಂತೆ ಒಂದು ಕಣ್ಣು ಮುಚ್ಚಿ ಕತ್ತಿನುದ್ದಕ್ಕೂ ನೋಡಿದರು. “ಕಾರ್ಖಾನೆಯಿಂದ ಬಂದ ಹಾಗೇ ಮಾರಿದಾರೆ, ಮರಿ. ಅಳತೆಗೆ ಕೂರಿಸೋಕೆ ಯಾರಿಗೆ ಪುರುಸೊತ್ತು?” ಎಂದರು.

ತಂತಿಗೆ ಎರಡು ಕಡೆ ಆಸರೆ: ಹೊಟ್ಟೆಯ ಹಲಗೆಯ ಮೇಲೆ ಕುದುರೆ, ಬಿರಡೆಗಳ ಬಳಿ ಗೀರು ಕೊರೆದ ಪಟ್ಟಿ, ಈ ಪಟ್ಟಿಗೆ ನಟ್ ಎಂದು ಹೆಸರು. ಅವರು ಮೊದಲು ಕೈಯಿಟ್ಟದ್ದು ನಟ್ಟಿಗೆ. ಮೂರನೆಯ ಮೆಟ್ಟಿನಲ್ಲಿ ತಂತಿಯನ್ನು ಒತ್ತಿದಾಗ ಮೊದಲನೆಯ ಮೆಟ್ಟಿನ ಮೇಲೆ ಕಾಗದದಷ್ಟು ಸಂದು ಉಳಿಯಬೇಕಂತೆ. ನನ್ನದರಲ್ಲಿ ಅಂಚೆಕಾರ್ಡು ಧಾರಾಳವಾಗಿ ತೂರಿತು. ಗ್ಯಾಸ್ ವೆಲ್ಡಿಂಗಿನ ನಳಿಗೆಯ ತೂತು ಬಿಡಿಸುವ ಒರಟು ತಂತಿಗಳಿಂದಲೇ ಅವರು ಗೀರುಗಳನ್ನು ಉಜ್ಜಿದರು. ಎರಡು ಸಲ ಉಜ್ಜುವುದು, ಒಮ್ಮೆ ಒತ್ತಿ ನೋಡುವುದು. “ಹೆಚ್ಚು ತೆಗೆದರೆ ಮತ್ತೆ ಅಂಟಿಸೋಕಾಗಲ್ಲ” ಎಂದರು.

ಆಮೇಲೆ ಕುದುರೆ. ಹನ್ನೆರಡನೆಯ ಮೆಟ್ಟಿನ ಮೇಲೆ ಅಳತೆಪಟ್ಟಿ ಇಟ್ಟರೆ ತಂತಿ 4 ಮಿಲಿಮೀಟರ್ ಎತ್ತರದಲ್ಲಿತ್ತು; ಅದರ ಅರ್ಧ ಸಾಕಂತೆ. ತಂತಿಗಳನ್ನು ಸಡಿಲಿಸಿ, ಕುದುರೆಯನ್ನು ಎತ್ತಿ ತೆಗೆದರು. ಅದು ಅಂಟಿಸಿದ್ದಲ್ಲ, ತಂತಿಗಳ ಭಾರದಿಂದಲೇ ನಿಂತದ್ದು ಎಂದು ನನಗೆ ಗೊತ್ತಾದದ್ದು ಅಂದೇ. ಹಲಗೆಯ ಮೇಲೆ ಮರಳುಕಾಗದ ಹಾಸಿ, ಕುದುರೆಯ ಪಾದವನ್ನು ಅದರ ಮೇಲೆಯೇ ತಿಕ್ಕಿ, ಹಲಗೆಯ ಉಬ್ಬಿಗೆ ಸರಿಯಾಗಿ ಕೂರುವಂತೆ ಮಾಡಿದರು. ಹಿತ್ತಾಳೆಯ ಎರಡು ತಿರುಗಣೆಗಳನ್ನು ತಿರುಗಿಸಿ ಎತ್ತರವನ್ನು ಇಳಿಸಿದರು. ಹೊಸ ತಂತಿ ಕಟ್ಟಿದ ಮೇಲೂ ಕೆಲಸ ಮುಗಿಯಲಿಲ್ಲ. ಹನ್ನೆರಡನೆಯ ಮೆಟ್ಟಿನಲ್ಲಿ ಒತ್ತಿದರೆ ಬಿಡಿತಂತಿಯ ಮೇಲಿನ ಷಡ್ಜ ಬರಬೇಕು. ಬಂದದ್ದು ಅದಕ್ಕಿಂತ ಒಂದೆಳೆ ಏರು. ಕುದುರೆಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಸರಿಸುತ್ತ, ಕಿವಿ ಕೊಟ್ಟು, ಮತ್ತೆ ಸರಿಸುತ್ತ ಸಂಜೆಯಾಯಿತು. ಆ ಮಧ್ಯಾಹ್ನದ ಇತಿಹಾಸದ ತರಗತಿಗೆ ನಾನು ಗೈರುಹಾಜರಾದುದನ್ನು ಅಧ್ಯಾಪಕರು ಈ ಪುಟವನ್ನು ಓದಿದ ಮೇಲಾದರೂ ಕ್ಷಮಿಸುವರೆಂದು ನಂಬಿದ್ದೇನೆ.

“ಈಗ ಒತ್ತು” ಎಂದು ಕೈಗಿತ್ತರು. ಒತ್ತುವ ಅಗತ್ಯವೇ ಇರಲಿಲ್ಲ. ಬೆರಳಿನ ಭಾರವೇ ಸಾಕಾಗಿ ಸ್ವರ ಗಂಟೆಯಂತೆ ನುಡಿಯಿತು. ನನಗೆ ಆಗ ಸಂತೋಷವಾಯಿತೆಂದು ಬರೆದರೆ ಸುಳ್ಳಾದೀತು. ಕಣ್ಣಿಗೆ ಕಾಣುವ ಎರಡು ಮಿಲಿಮೀಟರ್! ಅಷ್ಟಕ್ಕಾಗಿ ಒಂದು ವರ್ಷವೆಲ್ಲ ನಾನು ನನ್ನ ಬೆರಳನ್ನೂ ಹುಟ್ಟಿದ ಮನೆಯನ್ನೂ ಹಳಿದಿದ್ದೆ. ಹಾಸ್ಟೆಲಿನವರೆಗೂ ಸಿಟ್ಟಿನಲ್ಲೇ ನಡೆದೆ.

ಸಂಕ್ರಾಂತಿಗೆ ಊರಿಗೆ ಹೋದಾಗ ಮಾಯಾಮಾಳವಗೌಳದ ಸರಳೆವರಸೆಯನ್ನು ಅಪ್ಪನ ಮುಂದೆ ನುಡಿಸಿದೆ. ಎರಡು ಕಡೆ ತಪ್ಪಿತು. ಆ ತಪ್ಪು ನನ್ನದೇ. ಅಪ್ಪ ಕೊನೆಯವರೆಗೂ ಕೇಳಿ, “ಎಷ್ಟು ತಗೊಂಡ್ರು?” ಎಂದರು.

“ಮುನ್ನೂರು. ತಂತಿಗೆ ಬೇರೆ ಇನ್ನೂರೈವತ್ತು.”

“ಕಕ್ಕು ಹಾಕೋಕೆ ಐನೂರೈವತ್ತಾ!” ಎಂದು ಅಪ್ಪ ತಲೆಯ ಮೇಲಿನ ಟವೆಲ್ಲು ಕೊಡವಿಕೊಂಡು ಎದ್ದರು. ಬಾಗಿಲ ತನಕ ಹೋದವರು ತಿರುಗಿ, “ಇನ್ನೊಂದಪ ಬಾರಿಸು” ಎಂದರು.